ಮನೆಗೆ ಮುಂಗಡ ಸಾಲದು, ಕಾರಿಗೆ ಕಂತು ಸಾಕು

2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಅದಾಗಿ 22 ದಿನಕ್ಕೆ, ಸೆಪ್ಟೆಂಬರ್ 22ರಂದು, ದೇಶದಾದ್ಯಂತ ಕಾರುಗಳ ಮೇಲಿನ ಜಿಎಸ್‌ಟಿ ಇಳಿಯಿತು. ಮೊದಲ ಸುದ್ದಿ ಉಪನೋಂದಣಿ ಕಚೇರಿಗಳ ಮುಂದೆ ನೂಕುನುಗ್ಗಲು ಮಾಡಿಸಿ ತಣ್ಣಗಾಯಿತು. ಎರಡನೆಯದು ನವರಾತ್ರಿಯ ಮೊದಲ ದಿನವೇ ಶೋರೂಮುಗಳನ್ನು ತುಂಬಿಸಿತು. ಬಾಡಿಗೆ ಮನೆಯ ಗೇಟಿನ ಮುಂದೆ 25 ಲಕ್ಷದ ಎಸ್‌ಯುವಿ ನಿಂತಿರುವ ದೃಶ್ಯ ಬೆಂಗಳೂರಿಗೆ ಹೊಸದಲ್ಲ. ಆದರೂ ಅದನ್ನು ಕಂಡಾಗ ಕೇಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ: ಇಷ್ಟು ದುಡ್ಡಿದ್ದವರು ಒಂದು ಸೂರು ಮಾಡಿಕೊಳ್ಳಬಾರದೇ?

ಪ್ರಶ್ನೆಯೊಳಗೇ ಒಂದು ತಪ್ಪು ಎಣಿಕೆ ಇದೆ. ಕಾರಿಗೆ ಹೋದ ದುಡ್ಡು ಮನೆಗೆ ಹೋಗಬಹುದಿತ್ತು ಎಂದು ನಾವು ಭಾವಿಸುತ್ತೇವೆ. ಬಹುತೇಕರ ವಿಷಯದಲ್ಲಿ ಆ ದುಡ್ಡಿಗೆ ಮನೆಯ ಹತ್ತಿರ ಸುಳಿಯುವ ಶಕ್ತಿಯೇ ಇರುವುದಿಲ್ಲ. ಆದರೆ ಕಾರು ಕೊಂಡ ಮೇಲೆ ಆ ಮನೆ ಇನ್ನೂ ದೂರ ಸರಿಯುತ್ತದೆ. ಈ ಎರಡೂ ಮಾತು ಒಟ್ಟಿಗೆ ನಿಜವಾಗುವುದು ಹೇಗೆಂದು ತಿಳಿಯಲು ಲೆಕ್ಕವನ್ನು ಬಿಡಿಸಿ ನೋಡಬೇಕು.

ಮೂರು ವಾರ, ಎರಡು ದಿಕ್ಕು

ಹಳೆಯ ಪದ್ಧತಿಯಲ್ಲಿ ದೊಡ್ಡ ಕಾರುಗಳಿಗೆ ಶೇ 28ರ ಜಿಎಸ್‌ಟಿ, ಅದರ ಮೇಲೆ ಶೇ 17ರಿಂದ 22ರವರೆಗೆ ಸೆಸ್ ಇತ್ತು. ಎಸ್‌ಯುವಿಗಳ ತೆರಿಗೆ ಒಟ್ಟು ಶೇ 50 ಮುಟ್ಟುತ್ತಿತ್ತು. ಈಗ ಸೆಸ್ ಇಲ್ಲ, ಶೇ 40 ಮಾತ್ರ. ನಾಲ್ಕು ಮೀಟರ್ ಉದ್ದದೊಳಗಿನ, 1,200 ಸಿಸಿವರೆಗಿನ ಪೆಟ್ರೋಲ್ ಕಾರು ಮತ್ತು 1,500 ಸಿಸಿವರೆಗಿನ ಡೀಸೆಲ್ ಕಾರುಗಳು ಶೇ 18ಕ್ಕೆ ಇಳಿದವು. ವಿದ್ಯುತ್ ಕಾರುಗಳ ಶೇ 5 ಹಾಗೆಯೇ ಉಳಿಯಿತು.

ತೆರಿಗೆಗೆ ಮುನ್ನ 50 ಲಕ್ಷ ಬೆಲೆಯ ಎಸ್‌ಯುವಿ ಮೊದಲು 75 ಲಕ್ಷವಾಗುತ್ತಿತ್ತು, ಈಗ 70 ಲಕ್ಷ. ಕರ್ನಾಟಕದ ಜೀವಿತಾವಧಿ ತೆರಿಗೆ ಈ ಮೊತ್ತದ ಮೇಲೆ ಬೀಳುವುದರಿಂದ ಅದರಲ್ಲೂ ಸುಮಾರು 1 ಲಕ್ಷ ಕಡಿಮೆಯಾಗುತ್ತದೆ. ಒಟ್ಟು ಉಳಿತಾಯ 6 ಲಕ್ಷ. ಅದೇ ಹೊತ್ತಿಗೆ 1.2 ಕೋಟಿಯ ಫ್ಲ್ಯಾಟ್ ನೋಂದಣಿ ಮಾಡಿಸುವವರು ಮೊದಲಿಗಿಂತ 1.2 ಲಕ್ಷ ಹೆಚ್ಚು ಕಟ್ಟಬೇಕು. ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ನಿಜ. ಆದರೆ ನಿರ್ಮಾಣ ಹಂತದ ಫ್ಲ್ಯಾಟಿಗೆ ಕೊಳ್ಳುವವರು ಕಟ್ಟುವ ಶೇ 5ರ ಜಿಎಸ್‌ಟಿ ಬದಲಾಗಲಿಲ್ಲ. ಸಿಮೆಂಟಿನಲ್ಲಿ ಉಳಿದದ್ದನ್ನು ಬೆಲೆಯಲ್ಲಿ ಇಳಿಸುವುದೂ ಬಿಡುವುದೂ ಬಿಲ್ಡರ್ ಮರ್ಜಿ.

ಇವೆರಡೂ ಬೇರೆಬೇರೆ ಸರ್ಕಾರಗಳ ತೀರ್ಮಾನ; ಸೇರಿ ಮಾಡಿದ್ದಲ್ಲ. ಒಂದು ಕಡೆ ರಾಜ್ಯಕ್ಕೆ ವರಮಾನ ಬೇಕಿತ್ತು, ಇನ್ನೊಂದು ಕಡೆ ಕೇಂದ್ರಕ್ಕೆ ಮಾರಾಟ ಚುರುಕಾಗಬೇಕಿತ್ತು. ಒಂದೇ ಸಂಬಳದಲ್ಲಿ ಬದುಕುವ ಕುಟುಂಬಕ್ಕೆ ಮಾತ್ರ ಎರಡೂ ಸೇರಿ ಒಂದೇ ಸಂದೇಶ ಮುಟ್ಟಿತು.

ಜಿಎಸ್‌ಟಿ ಇಳಿಕೆಗೆ ಮುಂಚೆಯೇ ಗಾಳಿ ಆ ಕಡೆಗೆ ಬೀಸುತ್ತಿತ್ತು. 2024-25ರಲ್ಲಿ ದೇಶದಲ್ಲಿ ಮಾರಾಟವಾದ ಸುಮಾರು 43 ಲಕ್ಷ ಪ್ರಯಾಣಿಕ ವಾಹನಗಳಲ್ಲಿ ಶೇ 65ರಷ್ಟು ಎಸ್‌ಯುವಿ ಮತ್ತು ಎಂಯುವಿಗಳು. 2024ರಲ್ಲಿ ಐಷಾರಾಮಿ ಕಾರುಗಳ ಮಾರಾಟ 50 ಸಾವಿರದ ಗಡಿ ದಾಟಿತು. ಮರ್ಸಿಡಿಸ್ ಬೆಂಜ್ ಒಂದೇ ಆ ವರ್ಷ 19,565 ಕಾರು ಮಾರಿತು.

ಬೀಗ ಬಿದ್ದಿರುವುದು ಕಂತಿನಲ್ಲಲ್ಲ

ಬೆಂಗಳೂರಿನ ಒಂದು ಸಾಧಾರಣ ಉದಾಹರಣೆ ಹಿಡಿಯೋಣ. ಕೈಗೆ ಬರುವ ಸಂಬಳ ತಿಂಗಳಿಗೆ 1.6 ಲಕ್ಷ. ಕಣ್ಣಿಟ್ಟಿರುವ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಬೆಲೆ 1.2 ಕೋಟಿ. ಅಂಥದ್ದೇ ಫ್ಲ್ಯಾಟಿನ ಬಾಡಿಗೆ 38,000.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ಶೇ 90, 30ರಿಂದ 75 ಲಕ್ಷದ ಸಾಲಕ್ಕೆ ಶೇ 80, ಅದಕ್ಕೂ ಮೇಲಿನದಕ್ಕೆ ಶೇ 75ರಷ್ಟು ಮಾತ್ರ ಬ್ಯಾಂಕ್ ಕೊಡಬಹುದು. ನಮ್ಮ ಉದಾಹರಣೆಯಲ್ಲಿ ಸಾಲ 90 ಲಕ್ಷ, ಕೈಯಿಂದ 30 ಲಕ್ಷ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6, ನೋಂದಣಿ ಶುಲ್ಕ ಶೇ 2: ಒಟ್ಟು ಶೇ 7.6. ಅಂದರೆ 9.12 ಲಕ್ಷ. ಸಾಲಕ್ಕಾಗಿ ಮನೆಯ ಬೆಲೆ ಎಣಿಸುವಾಗ ಬ್ಯಾಂಕ್ ಈ ಮೊತ್ತವನ್ನು ಸೇರಿಸುವಂತಿಲ್ಲ, ಪೂರ್ತಿ ಸ್ವಂತ ಜೇಬಿನದು. ಅಡುಗೆಮನೆ, ವಾರ್ಡ್‌ರೋಬ್, ಲೈಟು, ಕಿಟಕಿಗೆ ಜಾಲರಿ ಎಂದು ಕನಿಷ್ಠ 6 ಲಕ್ಷ ಹಿಡಿಯಿರಿ. ಗೃಹಪ್ರವೇಶಕ್ಕೆ ಮುನ್ನ 45 ಲಕ್ಷ ಬೇಕು. ಓಸಿ (ವಾಸಕ್ಕೆ ಯೋಗ್ಯ ಎಂಬ ಸ್ವಾಧೀನ ಪತ್ರ) ಬಾರದ, ಕಟ್ಟುತ್ತಿರುವ ಫ್ಲ್ಯಾಟಾದರೆ ಜಿಎಸ್‌ಟಿಯ ಇನ್ನೊಂದು 6 ಲಕ್ಷ.

ಕಾರಿನ ಕಥೆ ನೋಡಿ. ಎಕ್ಸ್‌ಶೋರೂಂ ಬೆಲೆ 19 ಲಕ್ಷ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇ 17. ತೆರಿಗೆಯ ಮೇಲೆ ಶೇ 11 ಸೆಸ್ ಸೇರಿದರೆ ಶೇ 18.87, ಅಂದರೆ 3.59 ಲಕ್ಷ. ವಿಮೆ ಸುಮಾರು 80 ಸಾವಿರ. 10 ಲಕ್ಷ ಮೀರಿದ ಕಾರಿಗೆ ಕೊಳ್ಳುವಾಗಲೇ ವಸೂಲಾಗುವ ಶೇ 1ರ ಟಿಸಿಎಸ್ ತೆರಿಗೆ 19 ಸಾವಿರ (ಇದನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಹಲವರು ಮರೆಯುತ್ತಾರೆ). ಆನ್‌ರೋಡ್ ಬೆಲೆ ಸುಮಾರು 23.6 ಲಕ್ಷ. ಕಾರು ಸಾಲಕ್ಕೆ ಗೃಹಸಾಲದಂಥ ಮಿತಿಯನ್ನು ರಿಸರ್ವ್ ಬ್ಯಾಂಕ್ ಹಾಕಿಲ್ಲ. ಹಿಂದಿನ ಸಾಲ ತೀರಿಸಿದ ದಾಖಲೆಯ ಅಂಕ, ಅಂದರೆ ಸಿಬಿಲ್ ಸ್ಕೋರ್, ಚೆನ್ನಾಗಿದ್ದರೆ 20 ಲಕ್ಷ ಸಾಲ ಸಿಗುತ್ತದೆ, ಕೈಯಿಂದ 3.6 ಲಕ್ಷ ಸಾಕು.

45 ಲಕ್ಷ ಒಂದು ಕಡೆ, 3.6 ಲಕ್ಷ ಇನ್ನೊಂದು ಕಡೆ. ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. 90 ಲಕ್ಷದ ಸಾಲಕ್ಕೆ ಶೇ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ಕಂತು 75,280. ಶೇ 9ರ ಬಡ್ಡಿಯಲ್ಲಿ 7 ವರ್ಷದ ಕಾರು ಸಾಲದ ಕಂತು 32,180. ಇದಕ್ಕೆ ಬಾಡಿಗೆ 38,000 ಸೇರಿಸಿದರೆ 70,180. ಬಾಡಿಗೆ ಮನೆ ಮತ್ತು ಹೊಸ ಎಸ್‌ಯುವಿ ಎರಡೂ ಸೇರಿದರೂ ಸ್ವಂತ ಮನೆಯ ಕಂತಿಗಿಂತ ತಿಂಗಳಿಗೆ 5 ಸಾವಿರ ಕಡಿಮೆ!

ಹಾಗಾದರೆ 45 ಲಕ್ಷ ಕೂಡಿಡಲಿ ಎನ್ನಬಹುದು. ತಿಂಗಳಿಗೆ 40,000 ತೆಗೆದಿಟ್ಟರೆ ಬಡ್ಡಿ ಬಿಟ್ಟು ಎಂಟು ವರ್ಷದಲ್ಲಿ 38 ಲಕ್ಷವಾಗುತ್ತದೆ. ಫ್ಲ್ಯಾಟಿನ ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೂ ಎಂಟು ವರ್ಷಕ್ಕೆ 1.9 ಕೋಟಿ ದಾಟಿರುತ್ತದೆ, ಆಗ ಬೇಕಾದ ಮುಂಗಡ 70 ಲಕ್ಷದ ಆಸುಪಾಸು. ಬೆನ್ನಟ್ಟಿದಷ್ಟೂ ಓಡುವ ಗುರಿ ಇದು. ಇಂಥ ಗುರಿಯ ಹಿಂದೆ ನಾಲ್ಕೈದು ವರ್ಷ ಓಡಿದವರು ಉಸಿರು ಬಿಟ್ಟು, ಕೈಗೆ ಸಿಗುವುದರ ಕಡೆ ತಿರುಗುತ್ತಾರೆ. ಅದನ್ನು ಬರೀ ಶೋಕಿ ಎಂದು ಕರೆದರೆ ಅರ್ಧ ಸತ್ಯವೂ ಆಗುವುದಿಲ್ಲ.

ಒಂದು ಫೈಲು, ಒಂದು ಕಂತೆ

ದುಡ್ಡು ಹೊಂದಿಸಿದವರಿಗೂ ಇನ್ನೊಂದು ಅಡ್ಡಿ ಕಾದಿರುತ್ತದೆ. ಕಾರು ಸಾಲಕ್ಕೆ ಮೂರು ತಿಂಗಳ ಸಂಬಳ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಪ್ಯಾನ್, ಆಧಾರ್ ಇದ್ದರೆ ಒಂದೆರಡು ದಿನದಲ್ಲಿ ಮಂಜೂರು. ಆರ್‌ಟಿಓದಲ್ಲಿ ಫಾರಂ 34ರ ಮೂಲಕ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹೈಪಾಥಿಕೇಶನ್ (ಸಾಲಕ್ಕೆ ಒತ್ತೆ) ಎಂದು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಮನೆಗೆ ಮೂಲ ಪತ್ರ, ಭೂಪರಿವರ್ತನೆ ಆದೇಶ, 30 ವರ್ಷದ ಇಸಿ (ಋಣಭಾರ ಪತ್ರ), ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ), ಕಂದಾಯ ರಸೀದಿ, ಮಂಜೂರಾದ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಓಸಿ. ಈ ಕಂತೆಯಲ್ಲಿ ಒಂದು ಹಾಳೆ ತಪ್ಪಿದರೂ ಬ್ಯಾಂಕಿನ ವಕೀಲರು ಫೈಲು ವಾಪಸ್ ಕಳಿಸುತ್ತಾರೆ. ನಿಯಮದಂತೆ ಮಂಜೂರಾತಿ ಇಲ್ಲದ ಬಿ ಖಾತಾ ಆಸ್ತಿಗೆ ದೊಡ್ಡ ಬ್ಯಾಂಕುಗಳು ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಹಣಕಾಸು ಕಂಪನಿಗಳು ಕೊಡುತ್ತವೆ, ಹೆಚ್ಚು ಬಡ್ಡಿಗೆ.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಓಸಿ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದಿತು. ಅಕ್ರಮ ಕಟ್ಟಡಗಳಿಗೆ ಕಡಿವಾಣ ಹಾಕುವ ಉದ್ದೇಶದ ತೀರ್ಪು ಅದು. 2025ರಲ್ಲಿ ಅದು ಜಾರಿಗೆ ಬಂದಾಗ ಬೆಂಗಳೂರಿನಲ್ಲಿ ಮನೆ ಕಟ್ಟಿ ಮುಗಿಸಿದ ಬಹಳಷ್ಟು ಮಂದಿ ಮೀಟರ್ ಸಿಗದೆ ಕೂತರು. ಸಣ್ಣ ನಿವೇಶನಗಳಿಗೆ ಸರ್ಕಾರ ಬಳಿಕ ವಿನಾಯಿತಿ ಕೊಡಬೇಕಾಯಿತು. ಇಂಥ ಸುದ್ದಿ ಓದಿದವರಿಗೆ, ಕೋಟಿ ಸುರಿದ ಮೇಲೂ ಕರೆಂಟು ಬರುತ್ತದೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ. ‘ಮನೆ ಕಟ್ಟಿ ನೋಡು’ ಎಂಬ ಗಾದೆಗೆ ಈಗ ಸರ್ವರ್ ಡೌನ್ ಎಂಬ ಕಷ್ಟವೂ ಸೇರಿಕೊಂಡಿದೆ. ಕಾರಿನಲ್ಲಿ ಈ ಭಯ ಇಲ್ಲ. ಕೊಟ್ಟ ದುಡ್ಡಿಗೆ ವಸ್ತು ಕಣ್ಣೆದುರು ಬಂದು ನಿಲ್ಲುತ್ತದೆ.

ತೆರಿಗೆ ಎಂಬ ತಳ್ಳುಗೈ

ಹಿಂದಿನ ಪೀಳಿಗೆಯ ನೌಕರರನ್ನು ಮನೆ ಸಾಲದ ಕಡೆ ತಳ್ಳಿದ್ದು ಆದಾಯ ತೆರಿಗೆ. ಬಡ್ಡಿಗೆ 2 ಲಕ್ಷದವರೆಗೆ, ಅಸಲಿಗೆ 80ಸಿ ಸೆಕ್ಷನ್ ಅಡಿಯಲ್ಲಿ 1.5 ಲಕ್ಷದವರೆಗೆ ಕಡಿತ ಸಿಗುತ್ತಿತ್ತು. ಮಾರ್ಚ್ ತಿಂಗಳು ಬಂದರೆ ಕಚೇರಿಗಳಲ್ಲಿ ಇದೇ ಚರ್ಚೆ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಮೂಲ ಆಯ್ಕೆಯಾಯಿತು. ಅದರಲ್ಲಿ ವಾಸದ ಮನೆಯ ಮೇಲಿನ ಈ ಎರಡೂ ಕಡಿತ ಇಲ್ಲ. ದರಗಳು ಕಡಿಮೆಯಾದ್ದರಿಂದ ಹಲವರು ಹೊಸ ಪದ್ಧತಿಗೇ ಹೋದರು, ಮನೆ ಸಾಲಕ್ಕಿದ್ದ ಒಂದು ಒತ್ತಾಸೆ ಸದ್ದಿಲ್ಲದೆ ಕಳಚಿತು.

ಕಾರಿನ ಕಡೆ ತೆರಿಗೆ ಇನ್ನೂ ಮೃದು. ಸ್ವಂತ ವ್ಯವಹಾರವಿದ್ದವರು ಕಾರನ್ನು ಸಂಸ್ಥೆಯ ಹೆಸರಲ್ಲಿ ಕೊಂಡರೆ ವರ್ಷಕ್ಕೆ ಶೇ 15ರ ಸವಕಳಿ, ಸಾಲದ ಬಡ್ಡಿ, ವಿಮೆ, ಚಾಲಕನ ಸಂಬಳ ಎಲ್ಲವನ್ನೂ ವ್ಯವಹಾರದ ಖರ್ಚೆಂದು ತೋರಿಸಬಹುದು. ವಾಸದ ಮನೆಯ ಕಂತನ್ನು ಹಾಗೆ ತೋರಿಸಲಾಗದು. ದೊಡ್ಡ ಕಂಪನಿಗಳ ನೌಕರರಿಗೆ ಕಾರ್ ಲೀಸ್ ಎಂಬ ದಾರಿ ಇದೆ, ಕಂಪನಿಯೇ ಕಾರನ್ನು ಬಾಡಿಗೆಗೆ ಪಡೆದು ನೌಕರರಿಗೆ ಕೊಡುತ್ತದೆ. ಆ ಕಾರಿನ ಬಾಡಿಗೆಯ ಮೊತ್ತ ತೆರಿಗೆಗೆ ಮುನ್ನವೇ ಸಂಬಳದಿಂದ ಕಡಿತವಾಗುತ್ತದೆ, ತೆರಿಗೆ ಬೀಳುವುದು ನಿಗದಿತ ಸಣ್ಣ ಮೊತ್ತದ ಮೇಲೆ ಮಾತ್ರ. ಶೇ 30ರ ಹಂತದಲ್ಲಿರುವವರಿಗೆ ಇದು ದೊಡ್ಡ ರಿಯಾಯಿತಿ. ಎಡವುವುದು ಕೆಲಸ ಬಿಟ್ಟಾಗ: ಹೊಸ ಕಂಪನಿ ಆ ಲೀಸನ್ನು ವಹಿಸಿಕೊಳ್ಳದಿದ್ದರೆ ಬಾಕಿ ಮೊತ್ತ, ಮುರಿದ ಒಪ್ಪಂದದ ದಂಡ ಎರಡನ್ನೂ ನೌಕರನೇ ಕಟ್ಟಿ ಬಿಡಿಸಿಕೊಳ್ಳಬೇಕು.

ಬಾಡಿಗೆಯೇ ಲೇಸು ಎನ್ನುವವರ ವಾದ

ಮನೆ ಬೇಡ ಎನ್ನುವವರಲ್ಲಿ ಲೆಕ್ಕ ಬಲ್ಲವರೂ ಇದ್ದಾರೆ. ಅವರ ವಾದ ಹೀಗಿದೆ: 1.2 ಕೋಟಿಯ ಫ್ಲ್ಯಾಟಿನ ವಾರ್ಷಿಕ ಬಾಡಿಗೆ 4.56 ಲಕ್ಷ, ಬೆಲೆಯ ಶೇ 3.8. ಸಾಲದ ಬಡ್ಡಿ ಶೇ 8. ಶೇ 4ಕ್ಕಿಂತ ಕಡಿಮೆಗೆ ಸಿಗುವ ವಸ್ತುವನ್ನು ಶೇ 8ಕ್ಕೆ ಕೊಳ್ಳುವುದೇಕೆ? ಮೊದಲ ತಿಂಗಳ ಕಂತಿನ 75,280ರಲ್ಲಿ 60,000 ಬರೀ ಬಡ್ಡಿ. ಮೇಲೆ ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆ. ವೈಟ್‌ಫೀಲ್ಡಿನಿಂದ ಹೆಬ್ಬಾಳಕ್ಕೆ ಕೆಲಸ ಬದಲಾದರೆ ಬಾಡಿಗೆದಾರ ಸಾಮಾನು ಕಟ್ಟಿ ಹೊರಡುತ್ತಾನೆ, ಮನೆ ಮಾಲೀಕ ದಿನಕ್ಕೆ ಮೂರು ಗಂಟೆ ಟ್ರಾಫಿಕ್ಕಿನಲ್ಲಿ ಕಳೆಯುತ್ತಾನೆ.

ಎದುರು ವಾದವೂ ಗಟ್ಟಿಯೇ. ಕಂತು ಇಪ್ಪತ್ತು ವರ್ಷ ಹೆಚ್ಚುಕಡಿಮೆ ಒಂದೇ, ಬಾಡಿಗೆ ಹಾಗಲ್ಲ. ವರ್ಷಕ್ಕೆ ಶೇ 5 ಏರಿದರೆ 38,000ದ ಬಾಡಿಗೆ 14 ವರ್ಷದಲ್ಲಿ 75,000 ಮುಟ್ಟುತ್ತದೆ. ಶೇ 8 ಏರಿದರೆ ಒಂಬತ್ತೇ ವರ್ಷ ಸಾಕು. ಆಮೇಲೆ ಕಂತಿಗೆ ಕೊನೆ ಇದೆ, ಬಾಡಿಗೆಗೆ ಇಲ್ಲ. ಬೆಂಗಳೂರಿನ ಆರರಿಂದ ಹತ್ತು ತಿಂಗಳ ಅಡ್ವಾನ್ಸು, ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಮುರಿಯುವ ಒಂದು ತಿಂಗಳು, 11 ತಿಂಗಳ ಕರಾರು ಮುಗಿದಾಗಲೆಲ್ಲ ಮಕ್ಕಳ ಶಾಲೆಯ ಚಿಂತೆ, ಇವು ಶೇಕಡಾವಾರು ಲೆಕ್ಕಕ್ಕೆ ಸಿಗುವುದಿಲ್ಲ.

ಯಾರು ಸರಿ? ಬಾಡಿಗೆಯವರ ವಾದ ಗೆಲ್ಲುವುದಕ್ಕೆ ಒಂದು ಷರತ್ತಿದೆ. ಕಂತಿಗೂ ಬಾಡಿಗೆಗೂ ನಡುವಿನ 37,000 ರೂಪಾಯಿಯನ್ನು ತಪ್ಪದೆ ತಿಂಗಳು ತಿಂಗಳು ಹೂಡಬೇಕು. ಎಸ್‌ಯುವಿ ಕಂತು 32,180. ಅಂದರೆ ಬಾಡಿಗೆ ಮನೆಯ ಲಾಭವನ್ನು ಅನಾಮತ್ತಾಗಿ ಕಾರು ಎತ್ತಿಕೊಂಡು ಹೋಗುತ್ತದೆ. ‘ಬಾಡಿಗೆ ಅಗ್ಗ, ಆದ್ದರಿಂದ ದೊಡ್ಡ ಕಾರು’ ಎಂಬುದು ಲೆಕ್ಕದ ಮೊದಲ ಸಾಲನ್ನು ಓದಿ ಎರಡನೆಯದನ್ನು ಮಡಚಿಟ್ಟ ಮಾತು.

ಸಾಲಕ್ಕಿಂತ ಬೇಗ ಕರಗುವ ಕಾರು

ಕಂತಿನ ಚೀಟಿಯಲ್ಲಿ ಕಾಣದ ಖರ್ಚು ಮೊದಲು. ತಿಂಗಳಿಗೆ 1,000 ಕಿ.ಮೀ. ಓಡಿಸಿ, ಲೀಟರಿಗೆ 12 ಕಿ.ಮೀ. ಕೊಟ್ಟರೆ ಪೆಟ್ರೋಲಿಗೆ 8,500. ಎರಡನೇ ವರ್ಷದಿಂದ ವಿಮೆ, ಸರ್ವಿಸ್, ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸುವ ಟೈರುಗಳನ್ನು ತಿಂಗಳಿಗೆ ಹಂಚಿದರೆ ಇನ್ನೊಂದು 6,500. 32,180 ಎಂದುಕೊಂಡದ್ದು 47,000 ಆಯಿತು. ಐಷಾರಾಮಿ ಕಾರುಗಳಲ್ಲಿ ಇದು ಬೇರೆಯೇ ಮಟ್ಟ. ಹಲವಕ್ಕೆ ಗಾಳಿ ಹೋದರೂ ಒಂದಷ್ಟು ದೂರ ಓಡುವ ರನ್‌ಫ್ಲ್ಯಾಟ್ ಟೈರು ಇರುತ್ತದೆ, ಸ್ಟೆಪ್ನಿ ಇರುವುದಿಲ್ಲ. ಹೊರ ವರ್ತುಲ ರಸ್ತೆಯ ಒಂದು ಗುಂಡಿಗೆ ಟೈರಿನ ಪಕ್ಕೆ ಸೀಳಿ ಅಲಾಯ್ ಬಾಗಿದರೆ ಹತ್ತಾರು ಸಾವಿರ ಒಂದೇ ಏಟಿಗೆ. ಟೈರಿಗೆಂದು ಪ್ರತ್ಯೇಕ ಆಡ್‌ಆನ್ ಕೊಳ್ಳದಿದ್ದರೆ ಟೈರು ಮಾತ್ರ ಹಾಳಾದಾಗ ವಿಮೆ ಬರುವುದಿಲ್ಲ. ಸವಕಳಿ ಕಳೆಯದೆ ಪರಿಹಾರ ಕೊಡುವ ‘ಝೀರೋ ಡೆಪ್’ ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ ಸಿಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಸಾಲ ಮತ್ತು ಬೆಲೆಯ ಅಂತರ. ವಿಮೆಯಲ್ಲಿ ಕಾರಿನ ಘೋಷಿತ ಮೌಲ್ಯ, ಅಂದರೆ ಐಡಿವಿ, ಎಕ್ಸ್‌ಶೋರೂಂ ಬೆಲೆಯಿಂದ ಇಳಿಯುತ್ತ ಹೋಗುತ್ತದೆ: ಒಂದು ವರ್ಷ ದಾಟಿದ ಕಾರಿಗೆ ಶೇ 20 ಕಡಿತ, ಎರಡು ದಾಟಿದರೆ 30, ಮೂರಕ್ಕೆ 40, ನಾಲ್ಕಕ್ಕೆ 50. ನಮ್ಮ 19 ಲಕ್ಷದ ಕಾರು ಒಂದು ವರ್ಷ ಮುಗಿಸಿದಾಗ ಐಡಿವಿ 15.2 ಲಕ್ಷ, ಸಾಲದ ಬಾಕಿ 17.85 ಲಕ್ಷ. ಎರಡು ವರ್ಷ ಮುಗಿದಾಗ 13.3 ಲಕ್ಷಕ್ಕೆ 15.5 ಲಕ್ಷ. ಮೂರಕ್ಕೆ 11.4ಕ್ಕೆ 12.9. ನಾಲ್ಕು ವರ್ಷ ಮುಗಿದಾಗಲೂ 9.5ಕ್ಕೆ 10.1 ಲಕ್ಷ. ಈ ನಡುವೆ ಕಾರು ಕಳುವಾದರೆ, ಅಥವಾ ಅಂಡರ್‌ಪಾಸಿನಲ್ಲಿ ಮುಳುಗಿ ಪೂರ್ತಿ ಹಾಳಾದರೆ, ವಿಮೆಯ ದುಡ್ಡು ಬ್ಯಾಂಕಿಗೆ ಹೋಗಿಯೂ ಬಾಕಿ ಉಳಿಯುತ್ತದೆ. ಕಾರಿಲ್ಲದೆ ಕಂತು ಕಟ್ಟಬೇಕು. ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಆಡ್‌ಆನ್ ಇರುವುದು ಈ ಅಂತರ ತುಂಬುವುದಕ್ಕೆ. ಹೆಚ್ಚಿನ ಸಾಲ ಮಾಡಿ ಕೊಂಡವರು ಮೊದಲ ಮೂರು ವರ್ಷ ಅದನ್ನು ಬಿಡುವುದು ಜಾಣತನವಲ್ಲ. ಕೆಲಸ ಹೋಗಿ ಕಾರು ಮಾರಲು ಹೊರಟವರಿಗೂ ಇದೇ ಗತಿ. ಮಾರಿದ ದುಡ್ಡು ಸಾಲ ತೀರಿಸಲು ಸಾಲದು, ಅದರ ಮೇಲೆ ಅವಧಿಗೆ ಮುನ್ನ ಮುಚ್ಚಿದ ಶುಲ್ಕ.

ಈ ಶುಲ್ಕದಲ್ಲೂ ಮನೆ ಮತ್ತು ಕಾರಿನ ನಡುವೆ ವ್ಯತ್ಯಾಸ ಇದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಯಾವಾಗ ತೀರಿಸಿದರೂ ಬ್ಯಾಂಕ್ ದಂಡ ಹಾಕುವಂತಿಲ್ಲ. 2025ರ ಫೆಬ್ರವರಿಯಿಂದ ಡಿಸೆಂಬರ್ ನಡುವೆ ರೆಪೋ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಶೇ 6.5ರಿಂದ 5.25ಕ್ಕೆ ಇಳಿದಾಗ ಅದಕ್ಕೆ ಜೋಡಿಸಿದ ಗೃಹಸಾಲದ ಬಡ್ಡಿ ತಾನಾಗಿ ಇಳಿಯಿತು. ಕಾರು ಸಾಲ ಸಾಮಾನ್ಯವಾಗಿ ನಿಶ್ಚಿತ ಬಡ್ಡಿಯದು. ಹಿಂದೆ ಸಾಲ ಮಾಡಿದವರು ಹಳೆಯ ದರವನ್ನೇ ಕಟ್ಟುತ್ತ ಕೂತರು.

ದುಬಾರಿ ಕಾರುಗಳಲ್ಲಿ ಇನ್ನೊಂದು ಜಾಣ ಯೋಜನೆ ಇದೆ, ಬಲೂನ್ ಸಾಲ. 50 ಲಕ್ಷಕ್ಕೆ ನಾಲ್ಕು ವರ್ಷದ ಮಾಮೂಲಿ ಕಂತು ಶೇ 9ಕ್ಕೆ 1,24,400. ಅದರಲ್ಲಿ 20 ಲಕ್ಷವನ್ನು ಕೊನೆಗೆ ತಳ್ಳಿದರೆ ಕಂತು 89,700ಕ್ಕೆ ಇಳಿಯುತ್ತದೆ. ಜಾಹೀರಾತಿನಲ್ಲಿ ಎದ್ದು ಕಾಣುವುದು ಈ ಅಂಕಿ. ನಾಲ್ಕನೇ ವರ್ಷದ ಕೊನೆಗೆ 20 ಲಕ್ಷ ಒಟ್ಟಿಗೆ ಕಟ್ಟಬೇಕು, ಇಲ್ಲವೇ ಕಾರು ಹಿಂತಿರುಗಿಸಬೇಕು, ಅದೂ ಕಿಲೋಮೀಟರ್ ಮಿತಿ, ಗೀರು, ಸರ್ವಿಸ್ ದಾಖಲೆಗಳ ಷರತ್ತಿಗೆ ಒಳಪಟ್ಟು. ಹಲವರು ಮೂರನೆಯದನ್ನು ಆರಿಸುತ್ತಾರೆ: ಹಳೆಯ ಕಾರನ್ನು ಕೊಟ್ಟು ಹೊಸ ಕಾರು, ಹೊಸ ಸಾಲ.

ಮನೆ ಯಾರಿಗೆ ಕಾಣುತ್ತದೆ?

ಲೆಕ್ಕ ಇಷ್ಟು ಹೇಳಿದರೂ ಕಾರಿನ ಆಕರ್ಷಣೆ ಇಳಿಯದಿರಲು ಕಾರಣ ಲೆಕ್ಕದ ಆಚೆಗಿದೆ. ಊರಿನಲ್ಲಿ ಮನೆ ಎಂದರೆ ಗುರುತು. ಇಂಥವರ ತೊಟ್ಟಿಮನೆ, ಇಂಥವರ ಹಂಚಿನ ಮನೆ ಎಂದು ದಾರಿ ಹೇಳುತ್ತಿದ್ದರು. ಹದಿನಾಲ್ಕನೇ ಮಹಡಿಯ ಫ್ಲ್ಯಾಟ್ ಸ್ವಂತದ್ದೋ ಬಾಡಿಗೆಯದೋ ಪಕ್ಕದ ಬಾಗಿಲಿನವರಿಗೂ ಗೊತ್ತಿರುವುದಿಲ್ಲ. ಕಾರಾದರೆ ಮದುವೆ ಛತ್ರದ ಮುಂದೆ, ಕ್ಲೈಂಟಿನ ಕಚೇರಿಯಲ್ಲಿ, ಜಾತ್ರೆಗೆ ಊರಿಗೆ ಹೋದಾಗ ಎಲ್ಲೆಡೆ ಜತೆಗೇ ಬರುತ್ತದೆ. ಗುತ್ತಿಗೆದಾರರು, ಜಮೀನು ವ್ಯವಹಾರದವರು, ಸ್ಥಳೀಯ ರಾಜಕಾರಣಿಗಳಿಗೆ ಅದು ಬಂಡವಾಳವೂ ಹೌದು. ಬಿಳಿ ಫಾರ್ಚೂನರ್ ಇಲ್ಲದೆ ಟೆಂಡರಿನ ಮಾತುಕತೆಗೆ ಹೋದರೆ ಕುರ್ಚಿ ಹಾಕುವುದಿಲ್ಲ ಎಂಬ ನಂಬಿಕೆಯನ್ನು ಮೂರ್ಖತನ ಎನ್ನುವುದು ಸುಲಭ. ಆದರೆ ಎದುರಿನವರೂ ಅದನ್ನೇ ನಂಬಿದ್ದರೆ ಅದು ವ್ಯವಹಾರದ ವಾಸ್ತವವೇ.

ಇಲ್ಲಿ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಹಾಸನದಲ್ಲೋ ಧಾರವಾಡದಲ್ಲೋ ಅಪ್ಪನ ಮನೆ, ಪಾಲಿನ ಜಮೀನು ಇರುವವರು ಬೆಂಗಳೂರಿನಲ್ಲಿ ಬಾಡಿಗೆಗಿದ್ದರೂ ನಿರ್ಗತಿಕರಲ್ಲ. ಅವರ ದೃಷ್ಟಿಯಲ್ಲಿ ಮನೆ ಎಂಬ ಖಾನೆ ಆಗಲೇ ತುಂಬಿದೆ. ವಿಮಾನ ನಿಲ್ದಾಣದ ಸುತ್ತ ಜಮೀನು ಮಾರಿದವರಿಗೆ ಮನೆ ಇದ್ದೇ ಇದೆ, ಒಟ್ಟಿಗೆ ಬಂದ ಹಣ ಮೊದಲು ಚಕ್ರಗಳಾಗುತ್ತದೆ. ರಸ್ತೆಯಲ್ಲಿ ಕಾಣುವ ಬೆಂಜು, ಬಿಎಂಡಬ್ಲ್ಯುಗಳಲ್ಲಿ ಎಷ್ಟೋ ಸೆಕೆಂಡ್ ಹ್ಯಾಂಡ್. ಐದು ವರ್ಷ ಹಳೆಯ ಐಷಾರಾಮಿ ಕಾರು ಅರ್ಧಕ್ಕೂ ಕಡಿಮೆ ಬೆಲೆಗೆ, ಹೊಸ ದೇಶೀ ಎಸ್‌ಯುವಿಯ ದರದಲ್ಲೇ ಸಿಗುತ್ತದೆ. ಬೆಲೆ ಮಾತ್ರ ಅರ್ಧ, ಬಿಡಿಭಾಗದ ದರ ಪೂರ್ತಿಯೇ.

ಹೊರರಾಜ್ಯದ ನಂಬರಿನ ಅಗ್ಗದ ಕಾರಿಗೆ ಮರುಳಾಗುವ ಮುನ್ನ ಒಂದು ಎಚ್ಚರ. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಿ ಇಲ್ಲಿನ ತೆರಿಗೆ ಕಟ್ಟಬೇಕು. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ದಂಡ ಸೇರಿ ವಸೂಲಾದ ತೆರಿಗೆ 1.41 ಕೋಟಿ. ನಮ್ಮ ಉದಾಹರಣೆಯ ಫ್ಲ್ಯಾಟಿಗಿಂತ ಹೆಚ್ಚು!

ನಿಯಮ ಬೇರೆಯಾದರೆ ಆಸೆಯೂ ಬೇರೆ

ಇದು ಭಾರತೀಯರ ಸ್ವಭಾವ ಎನ್ನುವವರು ಸಿಂಗಪುರವನ್ನು ನೋಡಬೇಕು. ಅಲ್ಲಿ ಕಾರು ಕೊಳ್ಳುವ ಮುನ್ನ ಹತ್ತು ವರ್ಷದ ಪರವಾನಗಿಯನ್ನು ಹರಾಜಿನಲ್ಲಿ ಗೆಲ್ಲಬೇಕು. ಆ ಪರವಾನಗಿಯೇ ಒಂದು ಲಕ್ಷ ಸಿಂಗಪುರ ಡಾಲರ್ ದಾಟಿದ ದಿನಗಳಿವೆ. ಕಾರು ಸಾಲಕ್ಕೂ ಬೆಲೆಯ ಶೇ 60 ಅಥವಾ 70ರ ಮಿತಿ ಇದೆ. ಇನ್ನೊಂದು ಕಡೆ ಸರ್ಕಾರವೇ ಕಟ್ಟಿಸುವ ಫ್ಲ್ಯಾಟಿಗೆ ನೌಕರರು ತಮ್ಮ ಭವಿಷ್ಯನಿಧಿಯಿಂದ ಮುಂಗಡ ಕಟ್ಟಬಹುದು. ಅಲ್ಲಿ ಹತ್ತರಲ್ಲಿ ಒಂಬತ್ತು ಕುಟುಂಬಕ್ಕೆ ಸ್ವಂತ ಮನೆ ಇದೆ, ಕಾರಿಲ್ಲದ ಮಧ್ಯಮವರ್ಗ ಮಾಮೂಲು. ಸಾಲದ ಮಿತಿ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದೇ ಜನರ ಆದ್ಯತೆಯನ್ನು ಅರ್ಧ ತೀರ್ಮಾನಿಸುತ್ತದೆ. ನಮ್ಮಲ್ಲಿ ಬಿಗಿ ಇರುವುದು ಮನೆಯ ಕಡೆ. 2023ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಗ್ರಾಹಕ ಸಾಲಗಳಿಗೆ ಕಡಿವಾಣ ಹಾಕಿದಾಗಲೂ ವಾಹನ ಸಾಲವನ್ನು ಹೊರಗಿಟ್ಟಿತ್ತು.

ಕಂತು ಕದಿಯುವ 38 ಲಕ್ಷ

ಕಾರು ಕೊಂಡವರು ಮೂರು ವರ್ಷದ ಬಳಿಕ ಮನೆ ನೋಡಲು ಹೊರಟರೆ ಏನಾಗುತ್ತದೆ? ಬ್ಯಾಂಕ್ ಎಲ್ಲ ಕಂತುಗಳೂ ಸೇರಿ ಕೈಗೆ ಬರುವ ಸಂಬಳದ ಅರ್ಧ ಮೀರಬಾರದು ಎಂದು ನೋಡುತ್ತದೆ (ಕೆಲವು ಬ್ಯಾಂಕು ಶೇ 60ರವರೆಗೆ ಬಿಡುತ್ತವೆ). 1.6 ಲಕ್ಷ ಸಂಬಳಕ್ಕೆ 80,000. ಶೇ 8ರಲ್ಲಿ 20 ವರ್ಷದ ಸಾಲದ ಕಂತು ಲಕ್ಷಕ್ಕೆ 836 ರೂಪಾಯಿ, ಆದ್ದರಿಂದ 95 ಲಕ್ಷದವರೆಗೆ ಅರ್ಹತೆ. ಕಾರಿನ 32,180 ಕಳೆದರೆ ಉಳಿಯುವುದು 47,820, ಅರ್ಹತೆ 57 ಲಕ್ಷಕ್ಕೆ ಕುಸಿಯುತ್ತದೆ. 20 ಲಕ್ಷದ ಕಾರು ಸಾಲ 38 ಲಕ್ಷದ ಮನೆ ಸಾಲವನ್ನು ತಿಂದುಹಾಕುತ್ತದೆ, ಏಕೆಂದರೆ ಏಳು ವರ್ಷದಲ್ಲಿ ಸಣ್ಣ ಸಾಲ ತೀರಿಸುವ ಅದೇ ಕಂತು ಇಪ್ಪತ್ತು ವರ್ಷ ಕಟ್ಟಿದರೆ ದೊಡ್ಡ ಸಾಲ ತೀರಿಸುತ್ತದೆ.

ವಯಸ್ಸೂ ಕಾಯುವುದಿಲ್ಲ. 33ಕ್ಕೆ ಮೊದಲ ಕಾರು, 40ಕ್ಕೆ ಎರಡನೆಯದು, ಎರಡರ ಕಂತೂ ಮುಗಿದಾಗ 47. ಅರವತ್ತಕ್ಕೆ ನಿವೃತ್ತಿ ಎಂದರೆ ಗೃಹಸಾಲಕ್ಕೆ ಉಳಿದದ್ದು 13 ವರ್ಷ. ಅದೇ 80,000 ಕಂತಿಗೆ ಆಗ ಸಿಗುವ ಸಾಲ 77 ಲಕ್ಷ, ಮನೆ ಬೆಲೆ ಮಾತ್ರ ಎಲ್ಲೋ ಹೋಗಿರುತ್ತದೆ. ಮನೆ ಕೈಗೆ ಸಿಗದೆಂದು ಕಾರು ಕೊಂಡದ್ದು ಮೊದಲ ಸಲ ನಿಜವಾಗಿತ್ತು, ಎರಡನೇ ಸಲಕ್ಕೆ ಆ ಕಾರೇ ಕಾರಣವಾಗಿರುತ್ತದೆ.

ಎರಡೂ ಬೇಕೆನ್ನುವವರಿಗೆ

ಕ್ರಮ ಮುಖ್ಯ. ಗೃಹಸಾಲದ ಅರ್ಜಿಗೆ ಮುನ್ನ ಕಾರಿನ ಸಾಲ ಹತ್ತು ಹನ್ನೆರಡು ಕಂತಿನೊಳಗೆ ಬಂದಿದ್ದರೆ ಹಲವು ಬ್ಯಾಂಕುಗಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೇಳಿ ನೋಡಬೇಕು. ಪೂರ್ತಿ ತೀರಿಸಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಆರ್‌ಟಿಓಗೆ ಕೊಟ್ಟು ಆರ್‌ಸಿಯಿಂದ ಹೈಪಾಥಿಕೇಶನ್ ತೆಗೆಸಿ, ವಿಮೆಯಲ್ಲೂ ಬದಲಿಸಿ, ಸಿಬಿಲ್ ವರದಿಯಲ್ಲಿ ಸಾಲ ‘ಕ್ಲೋಸ್ಡ್’ ಎಂದು ಬಂದಿದೆಯೇ ಎಂದು ನೋಡಿದ ಮೇಲೆಯೇ ಅರ್ಜಿ ಹಾಕುವುದು ಒಳ್ಳೆಯದು. ಆ ಒಂದು ಸಾಲು ಬದಲಾಗದೆ ವಾರಗಟ್ಟಲೆ ಫೈಲು ನಿಲ್ಲುವುದುಂಟು.

ಮನೆ ಸಾಲದ ಮೇಲೆ ಹೆಚ್ಚುವರಿ ಸಾಲವಾಗಿ ಟಾಪ್‌ಅಪ್ ತೆಗೆದು ಕಾರು ಕೊಳ್ಳುವುದು ಇನ್ನೊಂದು ರೂಢಿ. ಬಡ್ಡಿ ಕಡಿಮೆ, ಕಂತು ಹಗುರ. 20 ಲಕ್ಷಕ್ಕೆ ಶೇ 8ರಲ್ಲಿ 15 ವರ್ಷಕ್ಕೆ 19,110 ಮಾತ್ರ. ಕೊನೆಗೆ ಕಟ್ಟಿದ್ದು ಮಾತ್ರ 34.4 ಲಕ್ಷ, ಕಾರಿನ ಆರ್‌ಸಿ ಅವಧಿಯೂ 15 ವರ್ಷವೇ. ಕಂತು ತಪ್ಪಿದರೆ ಜಪ್ತಿಗೆ ಬರುವುದು ಕಾರಲ್ಲ, ಮನೆ.

ಹೆಚ್ಚು ಜನ ಎಡವುವುದು ನಿರ್ಮಾಣ ಹಂತದ ಫ್ಲ್ಯಾಟಿನಲ್ಲಿ. ಸಾಲ ಮಂಜೂರಾಯಿತು, ಅರ್ಧ ಹಣ ಬಿಡುಗಡೆಯಾಯಿತು, ಗೃಹಪ್ರವೇಶಕ್ಕೆ ಇನ್ನೂ ಒಂದು ವರ್ಷವಿದೆ ಎಂದು ನಡುವೆ ಕಾರು ಬುಕ್ ಮಾಡುತ್ತಾರೆ. ಬ್ಯಾಂಕ್ ಉಳಿದ ಹಣ ಬಿಡುವ ಮುನ್ನ ಸಿಬಿಲ್ ಮತ್ತೆ ತೆಗೆಸಿ ನೋಡಬಹುದು. ಅಲ್ಲಿ ಹೊಸದಾಗಿ 32,000ದ ಕಂತು ಕಂಡರೆ ಮಂಜೂರಾದ ಮೊತ್ತವನ್ನೇ ಮೊಟಕು ಮಾಡುವ ಅಧಿಕಾರ ಮಂಜೂರಾತಿ ಪತ್ರದ ಷರತ್ತಿನಲ್ಲೇ ಇರುತ್ತದೆ. ಬಿಲ್ಡರ್ ಕಡೆಯಿಂದ ಬಾಕಿಯ ನೋಟಿಸು, ತಡವಾದ ಪ್ರತಿ ತಿಂಗಳಿಗೆ ಬಡ್ಡಿ. ಮನೆಯ ಕೀಲಿ ಕೈಗೆ ಬರುವವರೆಗೆ ಕಾರು ಶೋರೂಮಿನಲ್ಲೇ ಇರಲಿ ಎಂದು ಗೃಹಸಾಲದ ಏಜೆಂಟರು ಹೇಳುವುದು ಇದಕ್ಕೇ.